ಸ್ಕೈಲ್ಯಾಬ್ ಬಿದ್ದ ರಾತ್ರಿ ಮತ್ತು ವಿದ್ಯಾನಗರದ ಮಾಳಿಗೆ

ಈ ಕಂತನ್ನ ಆದಷ್ಟು ಮಾಳಿಗೆ ಮೇಲೆ ಕೂತು ಕೇಳಿ. ಹೊತ್ತು ಮುಳುಗಿ ಮುಕ್ಕಾಲು ಗಂಟೆ ಆಗಿರಲಿ, ಫೋನಿನ ಬೆಳಕು ಕಮ್ಮಿ ಮಾಡ್ಕೊಳ್ಳಿ. ಬಸ್ಸಲ್ಲಿದ್ದೀರಾ? ಪರವಾಗಿಲ್ಲ, ಕೇಳಿ. ಮನೆಗೆ ಹೋದ ಮೇಲೆ ಹತ್ತಿದರಾಯ್ತು.

ನಾನಿರೋದು ದಾವಣಗೆರೆ ವಿದ್ಯಾನಗರದಲ್ಲಿ. ನಮ್ಮ ಮಾಳಿಗೆಯಿಂದ ಕಾಣೋ ಆಕಾಶ ಅಂಥಾ ದೊಡ್ಡದೇನಲ್ಲ. ಒಂದು ಕಡೆ ನೀರಿನ ಟ್ಯಾಂಕು, ಇನ್ನೊಂದು ಕಡೆ ಪಕ್ಕದ ಮನೆಯವರ ಮೂರನೇ ಅಂತಸ್ತು, ಕೆಳಗೆ ಎಲ್‌ಇಡಿ ಬೀದಿದೀಪ. ಇಲ್ಲಿಂದ ಆಕಾಶಗಂಗೆ ಕಂಡ ನೆನಪೇ ಇಲ್ಲ ನನಗೆ. ಆದರೂ ಇದೇ ಮಾಳಿಗೆ ಮೇಲೆ ನಿಂತು, ಒಳಗೆ ಮನುಷ್ಯರು ಕೂತಿರೋ ಒಂದು ಮನೆ ತಲೆ ಮೇಲೆ ಹಾದು ಹೋಗೋದನ್ನ ಎಷ್ಟೋ ಸಲ ನೋಡಿದ್ದೀನಿ. ದುರ್ಬೀನು ಗಿರ್ಬೀನು ಏನೂ ಬೇಡ, ಬರಿಗಣ್ಣು ಸಾಕು.

ಅದನ್ನ ನೋಡೋದು ಹೇಗೆ ಅಂತ ಹೇಳ್ತೀನಿ. ಆದರೆ ಅದಕ್ಕೂ ಮುಂಚೆ, ನಮ್ಮ ದೊಡ್ಡಮ್ಮ ಪಿಯುಸಿ ಯಾಕೆ ಓದಲಿಲ್ಲ ಅನ್ನೋದನ್ನ ಹೇಳಬೇಕು. ಎರಡೂ ಒಂದೇ ಕತೆ.

ಶುರುವಿನಿಂದ ಬರೋಣ. 1957ರ ಅಕ್ಟೋಬರ್ 4. ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಅನ್ನೋ ಮೊದಲ ಕೃತಕ ಉಪಗ್ರಹವನ್ನ ಹಾರಿಸಿತು. ಆಗ ನಮ್ಮ ರಾಜ್ಯದ ಹೆಸರು ಮೈಸೂರು, ದಾವಣಗೆರೆ ಇದ್ದಿದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. ಊರು ಅಂದರೆ ಹತ್ತಿ ಮಿಲ್ಲು. ಬಿಡಿಟಿ ಎಂಜಿನಿಯರಿಂಗ್ ಕಾಲೇಜು ಶುರುವಾಗಿ ಆರು ವರ್ಷ ಆಗಿತ್ತು ಅಷ್ಟೇ. ಸ್ಪುಟ್ನಿಕ್‌ನ ದಾರಿ ಭೂಮಧ್ಯರೇಖೆಗೆ 65 ಡಿಗ್ರಿ ಓರೆಯಾಗಿತ್ತು. ಅಂದರೆ ಉತ್ತರ, ದಕ್ಷಿಣ ಎರಡೂ ಕಡೆ 65ನೇ ಅಕ್ಷಾಂಶದವರೆಗಿನ ಎಲ್ಲಾ ಊರುಗಳ ಮೇಲೂ ಒಂದಲ್ಲಾ ಒಂದು ಸಲ ಅದು ಹೋಗಿಯೇ ಹೋಗುತ್ತೆ. ನಾವು 14 ಡಿಗ್ರಿ ಚಿಲ್ಲರೆಯಲ್ಲಿದ್ದೀವಿ. ನಮ್ಮ ಮೇಲೂ ಹೋಗಿದೆ.

ಇಲ್ಲೊಂದು ತಮಾಷೆ ಇದೆ. ಜಗತ್ತಿನಾದ್ಯಂತ ಜನ ಬೀದಿಗೆ ಬಂದು, ಕತ್ತೆತ್ತಿ, “ಅದೋ ಸ್ಪುಟ್ನಿಕ್” ಅಂತ ಕೈ ತೋರಿಸಿದರಲ್ಲ, ಅವರಲ್ಲಿ ಹೆಚ್ಚಿನವರು ನೋಡಿದ್ದು ಸ್ಪುಟ್ನಿಕ್ ಅಲ್ಲ. ಸ್ಪುಟ್ನಿಕ್ ಅಂದರೆ 58 ಸೆಂಟಿಮೀಟರ್ ಅಗಲದ ಗುಂಡು, 83 ಕಿಲೋ ತೂಕ. ಮನೆಯ ಹಂಡೆ ಗಾತ್ರ ಅಂದ್ಕೊಳ್ಳಿ. ಅಷ್ಟು ದೂರದಲ್ಲಿ ಅದು ಬರಿಗಣ್ಣಿಗೆ ಕಂಡೂ ಕಾಣದ ಹಾಗಿತ್ತು. ಜನ ನೋಡಿದ್ದು ಅದರ ಹಿಂದೆಯೇ ಸುತ್ತುತ್ತಿದ್ದ ರಾಕೆಟ್ಟಿನ ಖಾಲಿ ದೇಹವನ್ನ. ಅದು 25 ಮೀಟರಿಗೂ ಉದ್ದ ಇತ್ತು, ಬಿಸಿಲು ಬಿದ್ದರೆ ಥಳಥಳ ಹೊಳೀತಿತ್ತು. ಬಾಹ್ಯಾಕಾಶದಲ್ಲಿರೋ ಪ್ರತಿ ವಸ್ತುವಿಗೂ ಅಮೆರಿಕದವರು ಒಂದು ಪಟ್ಟಿಯಲ್ಲಿ ನಂಬರ್ ಕೊಡ್ತಾರೆ. ಆ ಪಟ್ಟಿಯಲ್ಲಿ 1ನೇ ನಂಬರ್ ಇರೋದು ಆ ರಾಕೆಟ್ಟಿಗೆ. ಸ್ಪುಟ್ನಿಕ್‌ಗೆ ಸಿಕ್ಕಿದ್ದು 2. ಮದುವೆ ಮನೆಯಲ್ಲಿ ಮದುಮಗನನ್ನ ಬಿಟ್ಟು ಕುದುರೆ ಹೆಸರು ಮೊದಲು ಬರೆದ ಹಾಗೆ.

ಆ ಕಾಲದಲ್ಲಿ ಉಪಗ್ರಹ ಎಲ್ಲಿದೆ ಅಂತ ಕಂಡುಹಿಡಿಯೋಕೆ ವಿಜ್ಞಾನಿಗಳಿಗೇ ಜನಸಾಮಾನ್ಯರ ಕಣ್ಣು ಬೇಕಾಗಿತ್ತು. ಅಮೆರಿಕದ ಸ್ಮಿತ್ಸೋನಿಯನ್ ಖಗೋಳ ವೀಕ್ಷಣಾಲಯದ ಫ್ರೆಡ್ ವಿಪಲ್ ಅನ್ನೋರು ‘ಮೂನ್‌ವಾಚ್’ ಅಂತ ಒಂದು ಯೋಜನೆ ಮಾಡಿದರು. ಮೇಷ್ಟ್ರು, ವಿದ್ಯಾರ್ಥಿಗಳು, ಗೃಹಿಣಿಯರು ಸಾಲಾಗಿ ಕೂತು, ಪುಟ್ಟ ದೂರದರ್ಶಕದಲ್ಲಿ ಆಕಾಶದ ಒಂದೊಂದು ತುಂಡನ್ನ ಹಂಚಿಕೊಂಡು ಕಾಯೋದು. ಚುಕ್ಕೆ ದಾಟಿದ ಕ್ಷಣವನ್ನ ಬರೆದು ಕಳಿಸೋದು. ಇದರ ಜೊತೆಗೆ ಬೇಕರ್-ನನ್ ಅನ್ನೋ ದೈತ್ಯ ಕ್ಯಾಮೆರಾಗಳನ್ನ ಜಗತ್ತಿನ 12 ಕಡೆ ಇಟ್ಟರು. ಅದರಲ್ಲಿ ಒಂದು ನಮ್ಮ ದೇಶದ ನೈನಿತಾಲ್‌ಗೆ ಬಂತು. ಆಗ ಅಲ್ಲಿನ ವೀಕ್ಷಣಾಲಯ ನೋಡಿಕೊಳ್ತಿದ್ದವರು ವೈನು ಬಾಪ್ಪು. ಮುಂದೆ ಕೊಡೈಕೆನಾಲ್‌ಗೆ ಹೋಗಿ, ಕಾವಲೂರಿನ ವೀಕ್ಷಣಾಲಯ ಕಟ್ಟಿದ್ದೂ ಇವರೇ. 1958ರಿಂದ ಹೆಚ್ಚೂಕಮ್ಮಿ ಎರಡು ದಶಕ ಆ ಕ್ಯಾಮೆರಾ ರಾತ್ರಿ ರಾತ್ರಿ ಉಪಗ್ರಹಗಳ ಫೋಟೋ ತೆಗೀತಾ ಇತ್ತು.

ಆದರೆ ಇದೆಲ್ಲಾ ನೈನಿತಾಲಿನಲ್ಲಿ. ಇಲ್ಲಿ ಮಿಲ್ಲಿನ ಎರಡನೇ ಪಾಳಿ ಮುಗಿಸಿ ಸೈಕಲ್ ತುಳಕೊಂಡು ಮನೆಗೆ ಬರ್ತಿದ್ದ ನಮ್ಮಜ್ಜನಿಗೆ ಯಾರೂ “ಮೇಲೆ ನೋಡ್ರಿ” ಅಂತ ಹೇಳಲಿಲ್ಲ.

ನಮ್ಮದೇ ಉಪಗ್ರಹ ಬಂದಿದ್ದು 1975ರಲ್ಲಿ. ಆರ್ಯಭಟ. ಕಟ್ಟಿದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೀಟು ಹೊದಿಸಿದ ಶೆಡ್ಡುಗಳಲ್ಲಿ. ತಂಡದ ಮುಂದಾಳು ಯು.ಆರ್. ರಾವ್, ಉಡುಪಿ ಹತ್ತಿರದ ಅದಮಾರಿನವರು. 360 ಕಿಲೋ ತೂಕ, 26 ಮುಖ. ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಹತ್ತಿ ಮೇಲೆ ಹೋಯ್ತು. ನಾಲ್ಕೈದು ದಿನದಲ್ಲೇ ವಿದ್ಯುತ್ ತೊಂದರೆ ಆಗಿ ಅದರೊಳಗಿನ ಪ್ರಯೋಗಗಳು ನಿಂತವು. ಆದರೆ ಉಪಗ್ರಹ ಸುತ್ತುತ್ತಲೇ ಇತ್ತು, 1992ರ ಫೆಬ್ರುವರಿಯಲ್ಲಿ ವಾತಾವರಣಕ್ಕೆ ಬಿದ್ದು ಉರಿದು ಹೋಗೋವರೆಗೂ. ಅದೂ ದಾವಣಗೆರೆ ಮೇಲೆ ಹಾದು ಹೋಗಿದೆ. ಒಂದೂವರೆ ಮೀಟರಿಗಿಂತ ಚಿಕ್ಕದು, ಬರಿಗಣ್ಣಿಗೆ ಕಾಣೋದು ಕಷ್ಟ. ನಮ್ಮ ಮನೆಯವರು ಅದನ್ನ ನೋಡಿದ್ದು 2 ರೂಪಾಯಿ ನೋಟಿನ ಹಿಂಭಾಗದಲ್ಲಿ. ಹಳೇ ನೋಟು ಎಲ್ಲಾದರೂ ಪುಸ್ತಕದ ಮಧ್ಯೆ ಸಿಕ್ಕರೆ ತಿರುಗಿಸಿ ನೋಡಿ, ಇರುತ್ತೆ.

ಈಗ 1979ಕ್ಕೆ ಬರೋಣ.

ಸ್ಕೈಲ್ಯಾಬ್ ಅಮೆರಿಕದ ಮೊದಲ ಬಾಹ್ಯಾಕಾಶ ನಿಲ್ದಾಣ. 1973ರ ಮೇ ತಿಂಗಳಲ್ಲಿ ಹಾರಿಸಿದ್ದು. ಮೂರು ತಂಡ ಅಲ್ಲಿ ಹೋಗಿ ಇದ್ದು ಬಂದವು, ಆಮೇಲೆ ಖಾಲಿ ಬಿದ್ದಿತ್ತು. ಸ್ಪೇಸ್ ಶಟಲ್ ಬಂದ ಮೇಲೆ ಅದನ್ನ ಎತ್ತರಕ್ಕೆ ದಬ್ಬೋಣ ಅಂತ ನಾಸಾ ಅಂದುಕೊಂಡಿತ್ತು. ಶಟಲ್ ತಡವಾಯ್ತು. ಅತ್ತ ಸೂರ್ಯನ ಚಟುವಟಿಕೆ ಅಂದಾಜಿಗಿಂತ ಜಾಸ್ತಿ ಆಯ್ತು. ಸೂರ್ಯ ಕೆರಳಿದಾಗ ನಮ್ಮ ವಾತಾವರಣದ ಮೇಲ್ಪದರ ಉಬ್ಬುತ್ತೆ, ಉಬ್ಬಿದ ಗಾಳಿ ಉಪಗ್ರಹಕ್ಕೆ ತಾಗಿ ಅದರ ವೇಗ ತಗ್ಗಿಸುತ್ತೆ, ಅದು ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತೆ. ಹಾಗೆ 77 ಟನ್ ತೂಕದ ಸ್ಕೈಲ್ಯಾಬ್ ಇಳಿಯೋಕೆ ಶುರುವಾಯ್ತು.

ಬೀಳುತ್ತೆ ಅಂತ ಗೊತ್ತು. ಎಲ್ಲಿ ಅಂತ ಗೊತ್ತಿಲ್ಲ. ನಾಸಾ ಮುಚ್ಚಿಟ್ಟಿತು ಅಂತ ಈಗಲೂ ಕೆಲವರು ಹೇಳ್ತಾರೆ. ಹಾಗಲ್ಲ, ಲೆಕ್ಕವೇ ಅಂಥದ್ದು. ಗಂಟೆಗೆ ಹತ್ತಿರ ಹತ್ತಿರ 28,000 ಕಿಲೋಮೀಟರ್ ವೇಗದಲ್ಲಿ ಹೋಗೋ ವಸ್ತು ಅದು. ಬೀಳೋ ಹೊತ್ತು ಅರ್ಧ ಗಂಟೆ ಆಚೀಚೆ ಆದರೆ ಜಾಗ 14,000 ಕಿಲೋಮೀಟರ್ ಆಚೀಚೆ ಆಗುತ್ತೆ. ಬೆಂಗಳೂರು ಅಂದಿದ್ದು ಬ್ರೆಜಿಲ್ ಆಗಬಹುದು. ಹಿಂದಿನ ವರ್ಷ, 1978ರ ಜನವರಿಯಲ್ಲಿ, ಕಾಸ್ಮೋಸ್ 954 ಅನ್ನೋ ಸೋವಿಯತ್ ಉಪಗ್ರಹ ಕೆನಡಾದಲ್ಲಿ ಬಿದ್ದಿತ್ತು, ಅದರೊಳಗೆ ಅಣು ರಿಯಾಕ್ಟರ್ ಬೇರೆ. ಹಾಗಾಗಿ ಭಯಕ್ಕೆ ಕಾರಣ ಇತ್ತು. ಎಲ್ಲೋ ಯಾರಿಗೋ ಒಬ್ಬರಿಗೆ ಚೂರು ತಾಗೋ ಸಾಧ್ಯತೆ 152ಕ್ಕೆ 1 ಅಂತ ನಾಸಾ ಹೇಳಿತು. ಇಡೀ ಭೂಮಿಯ ಮೇಲಿರೋ ಎಲ್ಲರನ್ನೂ ಸೇರಿಸಿ ಹೇಳಿದ ಲೆಕ್ಕ ಅದು. ನಿಮಗೇ, ನಿಮ್ಮ ತಲೆಗೇ ಬೀಳೋ ಸಾಧ್ಯತೆ ಇಲ್ಲ ಅನ್ನೋವಷ್ಟು ಕಮ್ಮಿ. ಈ ವ್ಯತ್ಯಾಸ ನಮ್ಮ ಓಣಿಗೆ ಬರೋ ಹೊತ್ತಿಗೆ ಎಲ್ಲೋ ದಾರಿಯಲ್ಲೇ ಉದುರಿ ಹೋಗಿತ್ತು.

ಆಗ ನಮ್ಮವರ ಮನೆ ಇದ್ದಿದ್ದು ಚೌಕಿಪೇಟೆ ಕಡೆ. ದೊಡ್ಡಮ್ಮ, ಅಂದರೆ ನಮ್ಮಮ್ಮನ ಅಕ್ಕ, ಆ ವರ್ಷ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಮನೆತನದಲ್ಲೇ ಮೊದಲು. ಅಜ್ಜ ಮಿಲ್ಲಿನ ಬೋನಸ್ಸಿನಲ್ಲಿ ಉಳಿಸಿ ಪಿಯುಸಿ ಫೀಜು, ಪುಸ್ತಕ ಅಂತ ದುಡ್ಡನ್ನ ಡಬ್ಬಿಯಲ್ಲಿ ಇಟ್ಟಿದ್ದರಂತೆ. ಜುಲೈ ಮೊದಲ ವಾರಕ್ಕೆ ರೇಡಿಯೋದಲ್ಲಿ, ಪೇಪರಲ್ಲಿ, ಬಾವಿ ಕಟ್ಟೆಯಲ್ಲಿ ಎಲ್ಲಾ ಕಡೆ ಸ್ಕೈಲ್ಯಾಬ್ ಸುದ್ದಿ. ಓಣಿಯಲ್ಲಿ ಯಾರೋ, ದಾವಣಗೆರೆಗೇ ಬೀಳ್ತತಿ, ಮಿಲ್ಲಿನ ಚಿಮಣಿ ಮೇಲಿಂದ ಚೊಲೋ ಕಾಣ್ತತಿ ಅಂತ ಹಬ್ಬಿಸಿದರು. ಅಜ್ಜಿ ಆಗ ಒಂದು ತೀರ್ಮಾನ ಮಾಡಿದಳು. ದೊಡ್ಡಮ್ಮ ಅದನ್ನ ಅಜ್ಜಿ ದನಿಯಲ್ಲೇ ಹೇಳ್ತಾಳೆ: “ಸಾಯಾದಾದ್ರೆ ಎಲ್ರೂ ಒಂದೇ ಕಡೆ ಇದ್ದು ಸಾಯಾನ. ಹೊಟ್ಟೆ ತುಂಬಾ ಉಂಡು ಸಾಯಾನ.”

ಡಬ್ಬಿ ಒಡೆಯಿತು. ಹಳ್ಳಿಗಳಲ್ಲಿದ್ದ ಇಬ್ಬರು ಹೆಣ್ಣುಮಕ್ಕಳನ್ನ, ಅಳಿಯಂದಿರನ್ನ, ಮೊಮ್ಮಕ್ಕಳನ್ನ ಬಸ್ ಚಾರ್ಜ್ ಕೊಟ್ಟು ಕರೆಸಿದರು. ಎಲ್ಲರಿಗೂ ಹೊಸ ಬಟ್ಟೆ. ಆಷಾಢದಲ್ಲಿ ಯಾವ ಹಬ್ಬವೂ ಇಲ್ಲದೆ ಮೂರು ದಿನ ಹೋಳಿಗೆ, ತುಪ್ಪ. ಅಜ್ಜ ಪಾಳಿ ತಪ್ಪಿಸಿ ಸಂಬಳ ಕಳ್ಕೊಂಡರು. ಈ ಥರದ ಕತೆ ನಮ್ಮ ಮನೆಯದು ಮಾತ್ರ ಅಲ್ಲ. ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರನ್ನ “ಸ್ಕೈಲ್ಯಾಬ್ ಟೈಮಲ್ಲಿ ಏನು ಮಾಡಿದ್ರಿ?” ಅಂತ ಕೇಳಿ ನೋಡಿ. ಕೋಳಿ ಕೊಯ್ದು ಊಟ ಮಾಡಿದವರು, ಸಾಲ ತೀರಿಸಿದವರು, ತೀರಿಸಬೇಕಾದ ಸಾಲ ಹೇಗೂ ಉಳಿಯೋದಿಲ್ಲ ಅಂತ ಸುಮ್ಮನಿದ್ದವರು, ಎಲ್ಲಾ ಸಿಗ್ತಾರೆ.

ಜುಲೈ 11, ಬುಧವಾರ. ರಾತ್ರಿ ಮೋಡ, ಜಿಟಿಜಿಟಿ ಮಳೆ. ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಮಲಗಿದ್ದರಂತೆ, ಯಾರಿಗೂ ನಿದ್ದೆ ಇಲ್ಲ. ನಮ್ಮ ಗಡಿಯಾರದಲ್ಲಿ ಹತ್ತು ದಾಟಿ ಸ್ವಲ್ಪ ಹೊತ್ತಿಗೆ ಸ್ಕೈಲ್ಯಾಬ್ ಹಿಂದೂ ಮಹಾಸಾಗರದ ಮೇಲೆ ಚೂರುಚೂರಾಯ್ತು. ಉಳಿದ ಚೂರುಗಳು ಆಸ್ಟ್ರೇಲಿಯಾದ ಪಶ್ಚಿಮದ ಎಸ್ಪೆರೆನ್ಸ್ ಅನ್ನೋ ಊರಿನ ಸುತ್ತಮುತ್ತ ಬಿದ್ದವು. ಯಾರಿಗೂ ಏನೂ ಆಗಲಿಲ್ಲ. ಅಮೆರಿಕದ ಒಂದು ಪತ್ರಿಕೆ, ಮೊದಲ ಚೂರು ತಂದವರಿಗೆ 10,000 ಡಾಲರ್ ಅಂತ ಘೋಷಿಸಿತ್ತು. ಎಸ್ಪೆರೆನ್ಸ್‌ನ 17 ವರ್ಷದ ಸ್ಟ್ಯಾನ್ ಥಾರ್ನ್‌ಟನ್ ಅನ್ನೋ ಹುಡುಗ ತನ್ನ ಮನೆ ಹತ್ತಿರ ಸಿಕ್ಕ ಚೂರುಗಳನ್ನ ಹಿಡ್ಕೊಂಡು ವಿಮಾನ ಹತ್ತಿ ಹೋಗಿ ಆ ಬಹುಮಾನ ತಂದ. ಅಲ್ಲಿನ ಸ್ಥಳೀಯ ಆಡಳಿತ, ಕಸ ಹಾಕಿದ್ದಕ್ಕೆ ನಾಸಾಗೆ 400 ಡಾಲರ್ ದಂಡ ಹಾಕಿತು. ಇದು ಜೋಕಲ್ಲ, ನಿಜ.

ಅದೇ ವಾರ ದಿಲ್ಲಿಯಲ್ಲಿ ಇನ್ನೊಂದೂ ಬಿತ್ತು, ಮೊರಾರ್ಜಿ ದೇಸಾಯಿ ಸರ್ಕಾರ. ಜುಲೈ 15ಕ್ಕೆ ರಾಜೀನಾಮೆ. ಅಜ್ಜ ಅದನ್ನೇ ಬಹಳ ದಿನ ಹೇಳ್ಕೊಂಡು ನಗ್ತಿದ್ದರಂತೆ.

ದೊಡ್ಡಮ್ಮ ನಗಲಿಲ್ಲ. ಫೀಜು ಕಟ್ಟೋ ಕೊನೇ ದಿನ ದಾಟಿ ಹೋಯ್ತು. “ಮುಂದಿನ ವರ್ಷ ಸೇರಾಕೆ” ಅಂದರು. ಮುಂದಿನ ವರ್ಷ ಹರಿಹರದ ಗಂಡು ಬಂದ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಈಗಲೂ ಅವಳ ಟ್ರಂಕಿನಲ್ಲಿದೆ. ಗಣಿತ 84.

ನನಗೆ ಹೊಟ್ಟೆ ಉರಿಯೋದು ಒಂದೇ ವಿಷಯಕ್ಕೆ. ಆ ಸ್ಕೈಲ್ಯಾಬ್ ಬೀಳೋಕೆ ಮುಂಚೆ ಆರು ವರ್ಷ ಸುತ್ತಿದೆ. ಅದರ ದಾರಿಯ ಓರೆ 50 ಡಿಗ್ರಿ, ಹಾಗಾಗಿ ದಾವಣಗೆರೆ ಮೇಲೂ ಸಂಜೆ ಹೊತ್ತು, ನಸುಕಿನ ಹೊತ್ತು ಎಷ್ಟೋ ಸಲ ಹಾದು ಹೋಗಿದೆ, ಒಳ್ಳೇ ನಕ್ಷತ್ರದಷ್ಟು ಹೊಳೀತಾ. ಆಗಿನ ಆಕಾಶ ಇನ್ನೂ ಕಪ್ಪಗಿತ್ತು. ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆ ಮೇಲೇ ಮಲಗ್ತಿದ್ದರು. ನಮ್ಮ ಅಜ್ಜ, ಅಜ್ಜಿ, ದೊಡ್ಡಮ್ಮ ಅದನ್ನ ನೋಡಿಯೂ ಇರಬಹುದು, ಇದೇನೋ ಓಡೋ ಚುಕ್ಕಿ ಅಂತ. ಹೆಸರು ಗೊತ್ತಾಗಿದ್ದು ಅದು ಬೀಳೋ ಹೊತ್ತಿಗೆ. ಒಂದು ಸಲ, ಒಂದೇ ಒಂದು ಸಲ ಯಾರಾದರೂ “ನೋಡ್ರಿ, ಅದೇ ಸ್ಕೈಲ್ಯಾಬು, ಇಷ್ಟೆತ್ತರ ಐತಿ, ಇಷ್ಟು ಜೋರು ಹೋಗ್ತತಿ” ಅಂತ ತೋರಿಸಿದ್ದರೆ, ಅದು ನಮ್ಮ ಓಣಿಯನ್ನೇ ಗುರಿ ಇಟ್ಟು ಬೀಳುತ್ತೆ ಅಂತ ಅಜ್ಜಿಗೆ ಅನ್ನಿಸ್ತಿತ್ತಾ?

ಸರಿ, ಈಗ ಫೋನ್ ತೆಗೀರಿ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ, ಐಎಸ್ಎಸ್. ಮೊದಲ ಭಾಗ ಹಾರಿದ್ದು 1998ರ ನವೆಂಬರಲ್ಲಿ. ಉದ್ದ 109 ಮೀಟರ್, ಎತ್ತರ ಸುಮಾರು 400 ಕಿಲೋಮೀಟರ್. ಒಂದು ಸುತ್ತಿಗೆ 92-93 ನಿಮಿಷ. ನಾಸಾದ್ದೇ ‘ಸ್ಪಾಟ್ ದ ಸ್ಟೇಷನ್’ ಅನ್ನೋ ಆಪ್ ಇದೆ, ‘ಹೆವನ್ಸ್ ಅಬೌ’ ಅನ್ನೋದೂ ಇದೆ. ಎರಡೂ ಪುಕ್ಕಟೆ. ನಿಮ್ಮ ಊರು ಹಾಕಿದರೆ ಮುಂದಿನ ಹತ್ತು ದಿನದಲ್ಲಿ ಎಷ್ಟು ಗಂಟೆಗೆ, ಯಾವ ದಿಕ್ಕಲ್ಲಿ, ಎಷ್ಟು ಎತ್ತರಕ್ಕೆ ಬರುತ್ತೆ ಅಂತ ಪಟ್ಟಿ ಕೊಡುತ್ತೆ. ಎತ್ತರ ಅನ್ನೋ ಕಾಲಮ್ಮಿನಲ್ಲಿ 40 ಡಿಗ್ರಿಗಿಂತ ಜಾಸ್ತಿ ಇರೋದನ್ನ ಮಾತ್ರ ಆರಿಸಿ. ಅದಕ್ಕಿಂತ ಕೆಳಗಿದ್ದರೆ ಪಕ್ಕದ ಮನೆಯ ಮೂರನೇ ಅಂತಸ್ತು ನುಂಗಿಬಿಡುತ್ತೆ.

ದಿಕ್ಕು ಆಪಲ್ಲಿ ಎನ್‌ಡಬ್ಲ್ಯು, ಎಸ್‌ಇ ಅಂತ ಇರುತ್ತೆ. ನಾನು ಅದನ್ನ ಊರುಗಳ ಹೆಸರಿಗೆ ಬದಲಾಯಿಸ್ಕೊಂಡಿದ್ದೀನಿ. ನಮಗೆ ನಿಲ್ದಾಣ ಎರಡೇ ಥರ ಬರೋದು. ಒಂದು, ಹರಿಹರದ ಕಡೆ ಎದ್ದು ಚಿತ್ರದುರ್ಗದ ಕಡೆ ಇಳಿಯೋದು. ಇನ್ನೊಂದು, ಶಿವಮೊಗ್ಗದ ಕಡೆ ಎದ್ದು ಬಳ್ಳಾರಿ ಕಡೆ ಇಳಿಯೋದು. ಕರಾರುವಾಕ್ಕಾಗಿ ಅಲ್ಲ, ಹೆಚ್ಚೂಕಮ್ಮಿ. ನೀವು ಬೇರೆ ಊರಲ್ಲಿದ್ದರೆ ನಿಮ್ಮ ಸುತ್ತಲ ಊರಿನ ಹೆಸರು ಹಾಕ್ಕೊಳ್ಳಿ. ಹರಿಹರದ ಕಡೆ ಮೊದಲು ಕಂಡಾಗ ಅದು ಹರಿಹರದ ಮೇಲೆ ಇರಲ್ಲ, ಗುಜರಾತಿನ ಕಛ್ ಹತ್ತಿರ ಎಲ್ಲೋ ಇರುತ್ತೆ. ಅಲ್ಲಿಂದ ನಮ್ಮ ತಲೆ ಮೇಲೆ ಬರೋಕೆ ಮೂರೇ ನಿಮಿಷ.

ಅದು ಮಿನುಗಲ್ಲ. ಕೆಂಪು, ಹಸಿರು ದೀಪ ಕಂಡರೆ ವಿಮಾನ, ಬಿಟ್ಟುಬಿಡಿ. ನಿಲ್ದಾಣಕ್ಕೆ ಸ್ವಂತ ಬೆಳಕಿಲ್ಲ. ನಮಗೆ ಕತ್ತಲಾಗಿದ್ದರೂ ಅಷ್ಟೆತ್ತರದಲ್ಲಿ ಇನ್ನೂ ಬಿಸಿಲಿರುತ್ತೆ, ಆ ಬಿಸಿಲಿಗೆ ಹೊಳೆಯೋದು. ಅದಕ್ಕೇ ಸಂಜೆ, ನಸುಕು ಮಾತ್ರ ಕಾಣೋದು. ನಡುರಾತ್ರಿ ಅದೂ ಭೂಮಿಯ ನೆರಳಲ್ಲಿ ಇರುತ್ತೆ. ಒಂದು ಸಲ ದಾಟಿದ ಮೇಲೆ ಇನ್ನೊಂದು ಸುತ್ತಿಗೆ ಕಾಯಬೇಡಿ. ಅಷ್ಟರಲ್ಲಿ ಭೂಮಿ ತಿರುಗಿರುತ್ತೆ, ಮುಂದಿನ ಸುತ್ತು ನಮ್ಮಿಂದ 2,500 ಕಿಲೋಮೀಟರ್ ಪಶ್ಚಿಮಕ್ಕೆ, ಅರಬ್ಬಿ ಸಮುದ್ರದ ಆ ತುದಿಗೆ ಹೋಗುತ್ತೆ.

ಇನ್ನು ಬೆಳಕಿನ ಚುಕ್ಕಿಗಳು ಸಾಲಾಗಿ ರೈಲಿನ ಹಾಗೆ ಹೋದರೆ ಅದು ಸ್ಟಾರ್‌ಲಿಂಕ್. 2019ರ ಮೇ ತಿಂಗಳಲ್ಲಿ ಮೊದಲ 60 ಹಾರಿಸಿದರು, ಈಗ ಸಾವಿರಾರು. ಹಾರಿಸಿದ ಹೊಸದರಲ್ಲಿ ಸಾಲು ಸಾಲಾಗಿ ಕಾಣುತ್ತೆ, ಆಮೇಲೆ ಚದುರುತ್ತೆ. ಪ್ರತಿ ಸಲವೂ ವಾಟ್ಸ್ಆ್ಯಪಿನಲ್ಲಿ “ಆಕಾಶದಲ್ಲಿ ವಿಸ್ಮಯ” ಅಂತ ವಿಡಿಯೋ ಓಡಾಡುತ್ತೆ. ಬಾವಿ ಕಟ್ಟೆ ಹೋಗಿ ಫ್ಯಾಮಿಲಿ ಗ್ರೂಪ್ ಬಂದಿದೆ, ಅಷ್ಟೇ ಬದಲಾವಣೆ. ಖಗೋಳ ವಿಜ್ಞಾನಿಗಳಿಗೆ ಇದು ನಿಜವಾದ ತಲೆನೋವು. ಅವರ ದೂರದರ್ಶಕದ ಫೋಟೋಗಳಲ್ಲಿ ಗೆರೆ ಎಳೆದ ಹಾಗೆ ಬಂದು ಕೂರುತ್ತವೆ. ಅದರ ಬಗ್ಗೆ ಬೇರೆ ಕಂತೇ ಮಾಡಬೇಕು.

2025ರ ಜೂನ್ 26ಕ್ಕೆ ನಮ್ಮ ಶುಭಾಂಶು ಶುಕ್ಲಾ ಈ ನಿಲ್ದಾಣ ತಲುಪಿದರು, 18 ದಿನ ಇದ್ದರು. ಅವರ ಪ್ರಯೋಗಗಳಲ್ಲಿ ಒಂದು ನಮ್ಮ ಪಕ್ಕದ ಧಾರವಾಡದ್ದು. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ಮಾಡಿದ್ದು, ಹೆಸರುಕಾಳು ಮತ್ತು ಮೆಂತ್ಯ ಮೊಳಕೆ ಬರಿಸೋದು. ಇದನ್ನ ಹೇಳಿದಾಗ ದೊಡ್ಡಮ್ಮ, “ಹೆಸರುಕಾಳು ಮೊಳಕೆ ಬರಸಾಕೆ ಅಲ್ಲಿತನಕ ಹೋಗಬೇಕಾಗಿತ್ತಾ? ಒದ್ದೆ ಬಟ್ಟಿಯಾಗೆ ಕಟ್ಟಿಟ್ರೆ ಬರ್ತತಿ” ಅಂದಳು. ಆ 18 ದಿನವೂ ಇಲ್ಲಿ ಮಳೆಗಾಲದ ಮೋಡ. ತೋರಿಸೋಣ ಅಂದ್ಕೊಂಡಿದ್ದು ಆಗಲೇ ಇಲ್ಲ.

ಆಮೇಲೆ ಚಳಿಗಾಲದಲ್ಲಿ, ಮೋಡ ಇಲ್ಲದ ಒಂದು ಸಂಜೆ, ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅವಳು ಹರಿಹರದಲ್ಲಿ ಅವಳ ಮಾಳಿಗೆ ಮೇಲೆ, ನಾನು ವಿದ್ಯಾನಗರದಲ್ಲಿ ನನ್ನ ಮಾಳಿಗೆ ಮೇಲೆ. ನಡುವೆ 14 ಕಿಲೋಮೀಟರ್. ನಿಲ್ದಾಣಕ್ಕೆ ಅದು ಎರಡು ಸೆಕೆಂಡಿನ ದಾರಿ.

“ಹೊತ್ತು ಮುಳುಗಿದ ಕಡೆಗೆ ಮುಖ ಮಾಡಿ ನಿಂತ್ಕೋ, ದೊಡ್ಡಮ್ಮ. ಸ್ವಲ್ಪ ಬಲಕ್ಕೆ.”

“ನಿಂತೀನಪ್ಪಾ. ಸೊಳ್ಳಿ ಕಡೀತಾವು.”

ಒಂದು ನಿಮಿಷ ಏನೂ ಇಲ್ಲ. ಆಮೇಲೆ ಅವಳೇ ಮೊದಲು ನೋಡಿದ್ದು. “ಬಂತು ನೋಡು! ಏ, ಎಷ್ಟು ಬೆಳ್ಳಗೈತಿ! ಸಪ್ಪಳನೇ ಇಲ್ಲಲ್ಲೋ ತಮ್ಮಾ.”

ಅದು ಮೇಲೆ ಮೇಲೆ ಏರಿ ಬಂತು. ಇಬ್ಬರೂ ಮಾತಾಡಲಿಲ್ಲ. ನೆತ್ತಿ ದಾಟಿ ಚಿತ್ರದುರ್ಗದ ಕಡೆ ವಾಲಿದ ಮೇಲೆ, ಆಕಾಶದ ನಡುವೆಯೇ, ಕೆಂಪಗಾಗಿ, ಮಂಕಾಗಿ, ಇಲ್ಲವಾಯ್ತು. ಭೂಮಿಯ ನೆರಳಿಗೆ ಹೋಗಿತ್ತು. ನನಗೆ ಗೊತ್ತಿತ್ತು. ಅವಳಿಗೆ ಹೇಳೋದು ಮರೆತಿದ್ದೆ.

“ಎಲ್ಲಿ ಹೋತು? ಬಿತ್ತೇನು?”

ಬಿದ್ದಿಲ್ಲ, ಅಲ್ಲೇ ಇದೆ, ಬಿಸಿಲಿಂದ ನೆರಳಿಗೆ ಹೋಯ್ತು ಅಷ್ಟೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಮತ್ತೆ ಇದೂ ಒಂದಿನ ಬೀಳಾದೇ ಅಲ್ಲೇನು?”

ಸುಳ್ಳು ಹೇಳೋಕೆ ಆಗಲಿಲ್ಲ. ಹೌದು, ಇದರ ಆಯುಸ್ಸೂ ಮುಗೀತಾ ಬಂತು, 2030ರ ಹೊತ್ತಿಗೆ ಕೆಲಸ ನಿಲ್ಲಿಸಿ, ಆಮೇಲೆ ಇಳಿಸೋ ಯೋಜನೆ ಇದೆ. ಸ್ಕೈಲ್ಯಾಬಿನ ಐದು ಪಟ್ಟಿಗೂ ಜಾಸ್ತಿ ತೂಕ, 400 ಟನ್ ದಾಟುತ್ತೆ. ಆದರೆ ಈ ಸಲ ತಾನಾಗಿ ಬೀಳೋಕೆ ಬಿಡಲ್ಲ, ಅದಕ್ಕೆ ಇನ್ನೊಂದು ನೌಕೆ ಕಟ್ಟಿ, ಪೆಸಿಫಿಕ್ ಸಮುದ್ರದಲ್ಲಿ ಊರುಕೇರಿ ಏನೂ ಇಲ್ಲದ ಕಡೆಗೆ ಎಳೆದು ಇಳಿಸ್ತಾರೆ ಅಂದೆ. ನಮ್ಮ ಇಸ್ರೋದವರೂ 2023ರ ಮಾರ್ಚ್ 7ರಂದು ಮೇಘಾ-ಟ್ರಾಪಿಕ್ಸ್ ಅನ್ನೋ ಹಳೇ ಉಪಗ್ರಹವನ್ನ ಹಾಗೇ ಪೆಸಿಫಿಕ್‌ಗೆ ಇಳಿಸಿದರು ಅಂತಲೂ ಹೇಳಿದೆ. ಆರ್ಯಭಟ ಕಟ್ಟಿದ ಪೀಣ್ಯದಲ್ಲೇ ಈಗ ಬಾಹ್ಯಾಕಾಶದ ಕಸದ ಮೇಲೆ ಕಣ್ಣಿಡೋ ಇಸ್ರೋ ಕೇಂದ್ರ ಇದೆ. ಅದನ್ನ ದೇಶಕ್ಕೆ ಅರ್ಪಿಸಿದ್ದು 2022ರ ಜುಲೈ 11ಕ್ಕೆ. ತಾರೀಖು ಕೇಳಿದ್ದೇ ದೊಡ್ಡಮ್ಮ “ಹ್ಞೂಂ” ಅಂದಳು, ಮತ್ತೇನೂ ಅನ್ನಲಿಲ್ಲ.

ಕೆಳಗೆ ಯಾರೋ ಅವಳನ್ನ ಊಟಕ್ಕೆ ಕರೆದರು. ಫೋನ್ ಇಡೋಕೆ ಮುಂಚೆ ಕೇಳಿದಳು: “ನಾಳೆ ಎಷ್ಟೊತ್ತಿಗೆ ಬರ್ತತಿ ಇದು?”

ಆರು ಮುಕ್ಕಾಲಿಗೆ, ಆದರೆ ಕೆಳಗೆ, ಶಿವಮೊಗ್ಗದ ಕಡೆ, ನಿನಗೆ ಮರ ಅಡ್ಡ ಬರುತ್ತೆ ಅಂದೆ.

“ಬರಲಿ ಬಿಡು. ಮೊಮ್ಮಗಳನ್ನ ಕರ್ಕಂಡು ಹತ್ತತೀನಿ. ಟೈಮ್ ಬರೆದು ಕಳಸು.”